ಎಷ್ಟಕ್ಕ ಹತ್ತತೈತಿ ಅಮಾಸಿ?

ನಮ್ಮ ಮನೆಯಲ್ಲಿ ಚಹಾಕ್ಕಿಂತ ಮೊದಲು ಕೀಲು. ಓಣಿಯ ಬೇರೆ ಮಕ್ಕಳು ಎದ್ದ ಕೂಡಲೇ ಅಳುತ್ತಿದ್ದರು, ಇಲ್ಲವೆ ದೇವರಿಗೆ ಕೈ ಮುಗಿಯುತ್ತಿದ್ದರು. ನಾನೂ ನಮ್ಮಣ್ಣ ಅಮರೇಶನೂ ಪಡಸಾಲೆಯ ತಣ್ಣನೆ ಪರ್ಸಿಕಲ್ಲಿನ ಮೇಲೆ ಒಂಟಿಗಾಲಲ್ಲಿ ನಿಂತು, ಗೋಡೆಗೆ ಒಂದು ಕೈ ಹಚ್ಚಿ, ಎತ್ತಿದ ಕಾಲಿನ ಪಾದವನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದೆವು. ಒಳಕ್ಕೆ ಹತ್ತು, ಹೊರಕ್ಕೆ ಹತ್ತು. ಅಪ್ಪ ಸಿಂಧನೂರಿನ ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಹಮಾಲ. ಮುಕ್ಕುಂದ, ಸಾಲಗುಂದದ ಕಡೆಯಿಂದ ಬಂಡಿ, ಟ್ರ್ಯಾಕ್ಟರುಗಳಲ್ಲಿ ಬರುವ ಭತ್ತದ ಚೀಲ ಇಳಿಸುವುದು, ಅವನ್ನೇ ಮತ್ತೆ ಲಾರಿಗೆ ಏರಿಸುವುದು ಅವನ ಕೆಲಸ. ವಯಸ್ಸಿನಲ್ಲಿ ಸಂತೆಕಲ್ಲೂರಿನಲ್ಲಿ ಕಲ್ಲಿನ ಗುಂಡು ಎತ್ತಿ ಹೆಸರು ಮಾಡಿದವನಂತೆ. ಆ ಹೆಸರು ಸಂತೆಕಲ್ಲೂರಿನಲ್ಲೇ ಉಳಿಯಿತು. ಅವನ ಜೋಡಿ ಸಿಂಧನೂರಿಗೆ ಬಂದದ್ದು ಭಾರಕ್ಕೆ ಕೈ ಹಚ್ಚುವ ಮೊದಲು ಮೈಯ ಕೀಲುಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ಸಡಿಲ ಮಾಡಿಕೊಳ್ಳುವ ಚಾಳಿ ಮಾತ್ರ. ಚೀಲ ಹೊರುವುದು ಮಾಂಸ ಅಲ್ಲ, ಕೀಲು ಎಂದು ಅವನು ನಂಬಿದ್ದ. ನಾನು ಹೊರುತ್ತಿದ್ದುದು ಪಾಟಿಚೀಲ. ಆದರೂ ರಿಯಾಯಿತಿ ಇರಲಿಲ್ಲ.

ಪಾದದಿಂದ ಶುರುವಾಗಿ ಗೋಣಿನವರೆಗೆ ಏರಬೇಕು, ನಡುವೆ ಒಂದನ್ನೂ ಬಿಡುವಂತಿಲ್ಲ. ಪಾದ ಆದ ಮೇಲೆ ಮೊಣಕಾಲು: ಎರಡನ್ನೂ ಜೋಡಿಸಿ, ಅಂಗೈ ಅವುಗಳ ಮೇಲಿಟ್ಟು, ಬೀಸುಕಲ್ಲು ತಿರುಗಿದ ಹಾಗೆ ನಿಧಾನ ಸುತ್ತು. ಆಮೇಲೆ ತೊಡೆಯ ಸಂದು. ನೀರಿಲ್ಲದ ಕೊಡ ಒಂದನ್ನು ಬೋರಲು ಹಾಕಿ, ಅದಕ್ಕೆ ಕಾಲು ತಾಗದಂತೆ ಪಕ್ಕದಿಂದ ಮೇಲೆತ್ತಿ ದಾಟಿಸಬೇಕು. ಕೊಡ ಠಣ್ ಎಂದರೆ ಮತ್ತೆ ಮೊದಲಿಂದ. ಟೊಂಕಕ್ಕೆ ನಾಲ್ಕು ಕಾಲಿನ ಮೇಲೆ ನಿಂತು ಎತ್ತಿನ ಹಾಗೆ ಬೆನ್ನು ಉಬ್ಬಿಸುವುದು, ತಗ್ಗಿಸುವುದು. ಕೊನೆಗೆ ಅಪ್ಪನ ಹೆಗಲ ಟವೆಲ್ಲು. ಅದರ ಎರಡೂ ತುದಿ ಹಿಡಿದು, ಮೊಣಕೈ ಬಗ್ಗಿಸದೆ, ತಲೆಯ ಮೇಲಿಂದ ಹಿಂದಕ್ಕೆ ಬೆನ್ನಿನ ತನಕ ಒಯ್ದು ಹಾಗೇ ವಾಪಸು ತರಬೇಕು. ಎಳೀಬ್ಯಾಡ, ತಿರುಗಸು ಎನ್ನುವುದು ಅವನ ಒಂದೇ ಮಂತ್ರ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಅಲ್ಲಿಂದ ಚುಚ್ಚುತ್ತಿದ್ದಳು. ಹೆಣ್ಣುಹುಡುಗಿಯನ್ನು ದನದ ಹಾಗೆ ನಿಲ್ಲಿಸಿದ್ದನ್ನು ಓಣಿಯವರು ನೋಡಿದರೆ ನಾಳೆ ಯಾವನು ಕೇಳಿಕೊಂಡು ಬರುತ್ತಾನೆ ಎಂಬುದು ಅವಳ ದಿನದ ಪ್ರಶ್ನೆ. ಅಪ್ಪನ ತಾಯಿ, ನಮ್ಮ ಅಜ್ಜಿ, ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಾ ಸೊಸೆಯ ವಿರುದ್ಧ ಮಗನ ಕಡೆಗೂ, ಮಗನ ವಿರುದ್ಧ ಮೊಮ್ಮಕ್ಕಳ ಕಡೆಗೂ ಸಾಕ್ಷಿ ಹೇಳುತ್ತಿದ್ದಳು. ಇದೆಲ್ಲ ಮುಗಿದ ಮೇಲೆ ಚಹಾ, ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನನಗೆ ಆ ರೊಟ್ಟಿಯ ವಾಸನೆ ಮೂಗಿಗೆ ಬಂದರೆ ಮೊಣಕಾಲು ತಾನೇ ತಿರುಗಲು ಶುರುಮಾಡುತ್ತಿತ್ತು.

ಅಣ್ಣ ನನ್ನಂಥವನಲ್ಲ. ಅವನ ಟವೆಲ್ಲು ಬೆನ್ನ ಹಿಂದೆ ಹೋಗಿ ಬರುವುದನ್ನು ನೋಡಿದರೆ ಅವನ ಭುಜಕ್ಕೆ ಯಾರೋ ಎಣ್ಣೆ ಬಿಟ್ಟಿದ್ದಾರೆ ಅನ್ನಿಸುತ್ತಿತ್ತು. ಕಾಲೇಜಿನಲ್ಲಿ ಓಟ, ಉದ್ದ ಜಿಗಿತ, ಗುಂಡು ಎಸೆತ ಎಲ್ಲದರಲ್ಲೂ ಅವನೇ. ಮನೆಯಲ್ಲಿ ಮಾತ್ರ ಅವನಿಗೆ ಒಂದೇ ಹುಚ್ಚು, ಪೊಲೀಸ್ ಆಗುವುದು. ಅರ್ಜಿ ಹಾಕಿದ್ದ, ಲಿಖಿತ ಪರೀಕ್ಷೆ ದಾಟಿದ್ದ. ಇನ್ನು ಮೈದಾನದ ಪರೀಕ್ಷೆ ಒಂದು ಉಳಿದಿತ್ತು: ಓಡಬೇಕು, ಜಿಗಿಯಬೇಕು, ಗುಂಡು ಎಸೆಯಬೇಕು. ಅಣ್ಣ ಅದರಲ್ಲಿ ಬೀಳುವುದು ಸಾಧ್ಯವೇ ಇಲ್ಲ ಎಂದು ಗಂಜಿನ ಹಮಾಲರೆಲ್ಲ ಒಪ್ಪಿಯಾಗಿತ್ತು. ಮನೆಯಲ್ಲಿ ಬೆನ್ನಿನಿಂದ ಚೀಲ ಇಳಿಸುವ ಮೊದಲ ಗಂಡಸು ಅವನಾಗುತ್ತಾನೆ ಎಂದು ಅಪ್ಪ ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಅವನ ಟವೆಲ್ಲಿನ ಸುತ್ತನ್ನು ಹತ್ತರ ಬದಲು ಇಪ್ಪತ್ತು ಮಾಡಿದ, ಅಷ್ಟೇ.

ಈಗ ಅಮಾವಾಸ್ಯೆಯ ವಿಷಯಕ್ಕೆ ಬರಬೇಕು. ಬರದೆ ಇರಲು ಎಷ್ಟೋ ವರ್ಷ ನೋಡಿದ್ದೇನೆ. ಅಮಾವಾಸ್ಯೆಗೆ ಹಮಾಲರು ಚೀಲ ಮುಟ್ಟುವುದಿಲ್ಲ, ಗಂಜ್ ಬಂದ್. ಅಪ್ಪ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿದ್ದ. ಅಮಾವಾಸ್ಯೆ ಹತ್ತಿದ ಗಳಿಗೆಯಿಂದ ಬಿಡುವ ತನಕ ಕೀಲು ಬಿಡಿಸುವಂತಿಲ್ಲ. ಆ ಹೊತ್ತಿನಲ್ಲಿ ಬಿಚ್ಚಿದ ಕೀಲಿಗೆ ಗಾಳಿ ಹೊಗುತ್ತದೆ, ಹೊಕ್ಕ ಗಾಳಿ ಹೊರಡುವುದಿಲ್ಲ. ಗುಂಡು ಎತ್ತುವುದನ್ನು ಕಲಿಸಿದ ಹಿರಿಯ ಅದನ್ನೂ ಕಲಿಸಿದ್ದನಂತೆ. ಗಳಿಗೆಯ ಲೆಕ್ಕ ಬೇಕಲ್ಲ, ಅದಕ್ಕೆ ಅಡತಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು ಪಡಸಾಲೆಯ ಮೊಳೆಗೆ ತೂಗುತ್ತಿತ್ತು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಅಣ್ಣನಿಗೆ ಬರುತ್ತಿತ್ತು, ಆದರೆ ವ್ಯವಧಾನ ಇರಲಿಲ್ಲ. ಹೀಗಾಗಿ ಏಳನೇ ಇಯತ್ತೆಯ ನಾನು ಮನೆಯ ಪಂಚಾಂಗದ ಐನೋರು. ಕರಿ ಚುಕ್ಕಿ ಇರುವ ದಿನ ಬೆಳಿಗ್ಗೆ ಅಪ್ಪ ಎದ್ದು ಮೊದಲು ನನ್ನನ್ನೇ ಕೇಳುತ್ತಿದ್ದ.

"ಗಿರಿಜಿ, ಎಷ್ಟಕ್ಕ ಹತ್ತತೈತಿ ಅಮಾಸಿ?"

ನಾನು ಸ್ಟೂಲಿನ ಮೇಲೆ ನಿಂತು, ಚುಕ್ಕಿಯ ಕೆಳಗಿನ ಸೊಳ್ಳೆಯಂಥ ಅಕ್ಷರಗಳನ್ನು ಓದಿ ಹೇಳುತ್ತಿದ್ದೆ. ನಾನು ಹೇಳಿದ ಗಳಿಗೆಯ ಮೇಲೆ ಒಂದು ಮನೆಯ ಕೈಕಾಲು ತಿರುಗುತ್ತವೆ ಇಲ್ಲವೆ ನಿಲ್ಲುತ್ತವೆ. ಹನ್ನೆರಡು ವರ್ಷದ ಹುಡುಗಿಗೆ ಇಷ್ಟು ಅಧಿಕಾರ ಕೊಡಬಾರದು. ಕೊಟ್ಟರೂ, ನನ್ನಂಥ ಅಂಜುಬುರುಕಿಗೆ ಕೊಡಬಾರದು.

ಆ ವರ್ಷ ಬೇಸಿಗೆಯ ಒಂದು ಅಮಾವಾಸ್ಯೆಗೆ ಹೀಗಾಯಿತು. ಮಧ್ಯಾಹ್ನ ಹತ್ತುತ್ತದೆ ಎಂದು ನಮ್ಮ ಕ್ಯಾಲೆಂಡರಿನಲ್ಲಿತ್ತು, ಹಾಗೇ ಓದಿ ಹೇಳಿದೆ. ಅಪ್ಪ ಬೆಳಿಗ್ಗೆ ಪೂರಾ ಕೀಲು ಬಿಡಿಸಿ, ಅಂಗಳದ ನೀರಿನ ದೋಣಿಕಲ್ಲನ್ನು ಸರಿಸಲು ಹೋದವನು ಟೊಂಕ ಹಿಡಿದುಕೊಂಡು ಅಲ್ಲೇ ಕೂತ. ಐದು ದಿನ ಏಳಲಿಲ್ಲ. ಅಜ್ಜಿ ಸುಮ್ಮನಿರುವವಳೇ? ಪಕ್ಕದ ಮನೆಯವರ ಕ್ಯಾಲೆಂಡರನ್ನು ಬಗಲಲ್ಲಿ ಸುತ್ತಿಕೊಂಡು ಬಂದು ನನ್ನ ಮುಂದೆ ಹಿಡಿದು ಓದಿಸಿದಳು. ಅದರಲ್ಲಿ ಅಮಾವಾಸ್ಯೆ ನಸುಕಿಗೇ ಹತ್ತಿತ್ತು. ಒಂದೊಂದು ಕ್ಯಾಲೆಂಡರಿನವರು ಒಂದೊಂದು ಗಣಿತ ಹಿಡಿಯುತ್ತಾರೆ ಎಂದು ಇವತ್ತು ನನಗೆ ಗೊತ್ತು. ಅವತ್ತು ಗೊತ್ತಾದದ್ದು, ಅಪ್ಪನನ್ನು ಮಲಗಿಸಿದವಳು ನಾನು ಎಂದು.

"ಅಪ್ಪನ ಟೊಂಕ ಮುರದಿ ನೋಡು, ಶ್ಯಾಣ್ಯಾಕಿ," ಎಂದಳು ಅಜ್ಜಿ. "ಸಾಲಿ ಕಲತದ್ದಕ್ಕ ಚೊಲೋ ಬಕ್ಷೀಸ ಕೊಟ್ಟಿ."

ಅವಳು ಅದನ್ನು ಅರ್ಧ ತಮಾಷೆಗೇ ಅಂದಿರಬೇಕು. ಅಂದು ಎಲೆ ಬಾಯಿಗೆ ಹಾಕಿಕೊಂಡು ಮರೆತಳು. ನಾನು ಮರೆಯಲಿಲ್ಲ. ಇನ್ನು ಮೇಲೆ ಕರಿ ಚುಕ್ಕಿ ಕಂಡರೆ, ಅದರ ಕೆಳಗೆ ಏನೇ ಇರಲಿ, ಅಮಾವಾಸ್ಯೆ ಹತ್ತೈತಿ ಎಂದೇ ಹೇಳುವುದು ಎಂದು ಗಟ್ಟಿ ಮಾಡಿಕೊಂಡೆ. ಒಂದು ದಿನ ಕೀಲು ಬಿಡಿಸದಿದ್ದರೆ ಯಾರೂ ಸಾಯುವುದಿಲ್ಲ, ಬಿಡಿಸಿ ಗಾಳಿ ಹೊಕ್ಕರೆ ಕಷ್ಟ. ಇವತ್ತಿಗೂ ನಾನು ಎರಡು ಸಲ ಬೀಗ ಜಗ್ಗಿ ನೋಡಿ, ಮೂರನೇ ಸಲ ಅರ್ಧ ದಾರಿಯಿಂದ ವಾಪಸು ಬರುವವಳು. ಆ ಹೆಂಗಸು ಹುಟ್ಟಿದ್ದು ಆ ಸ್ಟೂಲಿನ ಮೇಲೆ.

ಅಣ್ಣನ ಮೈದಾನದ ಪರೀಕ್ಷೆ ಕರಿ ಚುಕ್ಕಿಯ ದಿನವೇ ಬಂತು, ರಾಯಚೂರಿನಲ್ಲಿ. ಅವ್ವ ಇನ್ನೂ ಕತ್ತಲಿರುವಾಗಲೇ ಎದ್ದು ರೊಟ್ಟಿ ಕಟ್ಟಿದ್ದಳು. ಅಣ್ಣ ಹೊಸ ಬನಿಯನ್ ಹಾಕಿಕೊಂಡು ಪಡಸಾಲೆಗೆ ಬಂದು, ಗೋಡೆಗೆ ಕೈ ಹಚ್ಚಿ, ಒಂದು ಕಾಲು ಎತ್ತಿಯೇಬಿಟ್ಟಿದ್ದ. ಅಪ್ಪ ತಡಿ ಎಂದ, ನನ್ನನ್ನು ಕೇಳಿದ. ನಾನು ಸ್ಟೂಲು ಹತ್ತಿದೆ. ಕಂದೀಲನ್ನು ಅವ್ವ ಎತ್ತಿ ಹಿಡಿದಿದ್ದಳು. ಮಧ್ಯಾಹ್ನ ಎರಡು ಗಂಟೆಯ ಮೇಲೆ, ಎಂದು ಸ್ಪಷ್ಟ ಇತ್ತು. ಎರಡು ಸಲ ಓದಿದೆ. ಪಕ್ಕದ ಮನೆಯ ಕ್ಯಾಲೆಂಡರಿನಲ್ಲಿ ಏನಿದೆಯೋ ಎಂಬ ಯೋಚನೆ ಬಂತು. ಅಪ್ಪ ಟೊಂಕ ಹಿಡಿದು ಕೂತದ್ದು ಕಣ್ಣ ಮುಂದೆ ಬಂತು.

"ಹತ್ತೈತಪ್ಪ," ಎಂದೆ. "ಆಗಲೇ ಹತ್ತೈತಿ."

ಅಣ್ಣ ಕಾಲು ಇಳಿಸದೆ ನಕ್ಕ. ಇವತ್ತೊಂದು ದಿನ ಬಿಡಪ್ಪ, ಮೈ ಬಿಗಿ ಇಟ್ಟುಕೊಂಡು ಹೆಂಗ ಓಡಲಿ ಎಂದು ಕೇಳಿದ. ಅಪ್ಪ ಬ್ಯಾಡ ಅಂದ್ರ ಬ್ಯಾಡ ಎಂದ. ಓಡಾಕ ನಿಂತ ಮ್ಯಾಲೆ ತಾನೇ ಬಿಸಿ ಆಗತೈತಿ, ಗಾಳಿ ಹೊಕ್ಕರ ಜನ್ಮಕ್ಕ ಹೊಕ್ಕಂಗ ಎಂದ. ಅಣ್ಣ ಕಾಲು ಇಳಿಸಿದ. ಅವರಿಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದ ಮೇಲೆ ನಾನು ಸ್ಟೂಲನ್ನು ಅದರ ಜಾಗಕ್ಕಿಟ್ಟೆ. ಎಲ್ಲರೂ ಸುರಕ್ಷಿತ ಇದ್ದಾರೆ ಎಂಬ ಸಮಾಧಾನದಲ್ಲಿ ಅವತ್ತು ಎರಡು ರೊಟ್ಟಿ ಜಾಸ್ತಿ ತಿಂದೆ. ಅದು ನನಗೆ ಚೆನ್ನಾಗಿ ನೆನಪಿದೆ.

ಸಂಜೆ ಅವರು ಬಂದಾಗ ಅಣ್ಣನ ಬಲಗೈ ಅಪ್ಪನ ಟವೆಲ್ಲಿನ ಜೋಳಿಗೆಯಲ್ಲಿತ್ತು. ಹನ್ನೆರಡು ಗಂಟೆಯೊಳಗೆ ಓಟ ದಾಟಿದ್ದ, ಜಿಗಿತ ದಾಟಿದ್ದ, ಗುಂಡಿನ ಸರದಿಗೆ ನಿಂತಿದ್ದ. ಗುಂಡಿನ ಎರಡು ಎಸೆತ ಸ್ವಲ್ಪದರಲ್ಲಿ ತಪ್ಪಿದವಂತೆ. ಮೈ ಬಿಚ್ಚುತ್ತಿಲ್ಲ ಎಂದು ಅವನಿಗೇ ಗೊತ್ತಾಗಿತ್ತು. ಮೂರನೆಯದಕ್ಕೆ ಇದ್ದ ಬಲವನ್ನೆಲ್ಲ ಹಾಕಿದ. ಗುಂಡು ಹೋಯಿತು, ಭುಜವೂ ಕೀಲಿನಿಂದ ಹೋಯಿತು. ಗುಂಡು ಗೆರೆಯ ಈಚೆಗೇ ಬಿತ್ತು. ಎಲುಬು ಕಟ್ಟುವವನೊಬ್ಬನ ಹತ್ತಿರ ಒಯ್ದು ಜಗ್ಗಿಸಿ ಕೂರಿಸಿಕೊಂಡು ಬಂದಿದ್ದರು. ಅದು ಸರಿಯಾಗಿ ಕೂರಲಿಲ್ಲ. ಮುಂದೆ ಅಂಗಿ ತೊಡಲು ಕೈ ಎತ್ತಿದರೆ ಕಳಚುತ್ತಿತ್ತು, ನಿದ್ದೆಯಲ್ಲಿ ಮಗ್ಗಲು ಬದಲಿಸಿದರೆ ಕಳಚುತ್ತಿತ್ತು. ಮುಂದಿನ ವರ್ಷದ ಪರೀಕ್ಷೆಗೆ ಅವನು ಅರ್ಜಿಯನ್ನೇ ಹಾಕಲಿಲ್ಲ. ಆದರೆ ಅವ್ವನ ಮುಂದೆ ಅಪ್ಪ ಹೇಳಿಕೊಂಡದ್ದು ಇದನ್ನಲ್ಲ. ಗುಂಡು ಎಸೆಯುವ ಮೊದಲು ಉಳಿದ ಹುಡುಗರೆಲ್ಲ ಮೈದಾನದ ಮೂಲೆಯಲ್ಲಿ ನಿಂತು ತೋಳು ತಿರುಗಿಸುತ್ತಿದ್ದರಂತೆ. ಅಣ್ಣ ಸುಮ್ಮನೆ ನಿಂತು, ತಂತಿ ಬೇಲಿಯ ಆಚೆ ಇದ್ದ ಅಪ್ಪನ ಕಡೆ ನೋಡಿದನಂತೆ.

"ನನ್ನ ಕಡೆ ನೋಡಿದ, ತಿರುಗಸಲ್ಯಾ ಅಂತ," ಎಂದ ಅಪ್ಪ. "ನಾ ಗೋಣು ಅಲ್ಲಾಡಿಸಿದೆ."

ಮುಂದೆ ವರ್ಷಗಟ್ಟಲೆ, ಉಣ್ಣುತ್ತಾ, ಬೀಡಿ ಹಚ್ಚುತ್ತಾ, ಯಾರೂ ಏನೂ ಕೇಳದಿದ್ದಾಗ, ಅವನು ಈ ಎರಡು ಮಾತು ಹೇಳುತ್ತಿದ್ದ. ರಾಯಚೂರಿನಿಂದ ಬಂದ ಮರುದಿನ ಬೆಳಿಗ್ಗೆ ನಾನು ಅಭ್ಯಾಸಬಲದಿಂದ ಎದ್ದು ಪಡಸಾಲೆಗೆ ಹೋದೆ. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ಅವ್ವ ಮೊದಲೆರಡು ದಿನ ನೋಡಿ, ಮೂರನೇ ದಿನ ತಾನೇ ಕೊಡವನ್ನು ಬೋರಲು ಹಾಕಿ ಅವನ ಮುಂದಿಟ್ಟಳು. ಇಷ್ಟು ವರ್ಷ ಚುಚ್ಚಿದವಳು ಹಾಗೆ ಇಟ್ಟದ್ದು ನೋಡಿ ನನಗೆ ಅಳು ಬಂತು. ಮಗನ ಕೀಲು ಕಟ್ಟಿ ಹಾಕಿದವನಿಗೆ ತನ್ನ ಕೀಲಿನ ಉಪಚಾರ ಯಾಕ ಎಂದು ಹೇಳಿ ಅಪ್ಪ ಕೊಡವನ್ನು ಪಕ್ಕಕ್ಕೆ ಸರಿಸಿದ. ಕೀಲು ಬಿಡಿಸದೆಯೇ ಗಂಜಿಗೆ ಹೋಗಿ ಚೀಲ ಹೊತ್ತ. ಎರಡನೇ ವರ್ಷಕ್ಕೆ ಮೊಣಕಾಲು ಹೋಯಿತು, ನಾಲ್ಕನೆಯದಕ್ಕೆ ಟೊಂಕ. ಅವನ ವಾರಿಗೆಯವರು ಇನ್ನೂ ಲಾರಿ ಹತ್ತಿ ಇಳಿಯುತ್ತಿರುವಾಗ ಅವನು ಕಟ್ಟೆಯಿಂದ ಇಳಿಯಲು ಗೋಡೆ ಹಿಡಿಯುತ್ತಿದ್ದ. ಅಣ್ಣ ಮಿಲ್ಲೊಂದರಲ್ಲಿ ವಾಚ್‌ಮನ್ ಆದ. ಖಾಕಿ ಸಿಕ್ಕಿತು, ಎಡಗೈಯಲ್ಲಿ ಗೇಟು ತೆಗೆಯುವ ಖಾಕಿ. ಅವನು ಅಪ್ಪನ ಜೋಡಿ ಜಗಳವಾಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಒಂದೇ ಮನೆಯಲ್ಲಿ ಇದ್ದುಕೊಂಡು, ಅಪ್ಪನಿಗೆ ಹೇಳಬೇಕಾದ್ದನ್ನು ಅವ್ವನಿಗೆ ಹೇಳುತ್ತಿದ್ದ. ಅವ್ವ ಹೋದ ಮೇಲೆ ತನ್ನ ಹೆಂಡತಿಗೆ ಹೇಳುತ್ತಿದ್ದ.

ನಾನು? ನಾನು ಓದಿ ಟೀಚರಾದೆ, ಲಿಂಗಸುಗೂರಿನಲ್ಲಿ. ಮಕ್ಕಳಿಗೆ ಸತ್ಯ ಹೇಳುವ ಪಾಠ ಮಾಡಿ ಸಂಬಳ ತಗೊಂಡೆ. ಹೇಳಬೇಕು ಎಂದು ಮೊದಲ ವರ್ಷ ಅನ್ನಿಸಿದಾಗ ಅಣ್ಣನ ಕೈ ಇನ್ನೂ ಹಸಿ ಇತ್ತು, ಬೇಡ ಅನ್ನಿಸಿತು. ಮದುವೆಗೆ ಮೊದಲು ಬೇಡ, ಬಾಣಂತನಕ್ಕೆ ಬಂದಾಗ ಬೇಡ, ಅವ್ವ ಹಾಸಿಗೆ ಹಿಡಿದಾಗಂತೂ ಬೇಡ. ಹೀಗೆ ಒಳ್ಳೆಯ ಕಾರಣಗಳನ್ನು ಜೋಡಿಸುತ್ತಾ ಮೂವತ್ತು ವರ್ಷ ದಾಟಿಸುವುದು ಅಂದುಕೊಂಡಷ್ಟು ಕಷ್ಟವಲ್ಲ. ಹೋದ ವರ್ಷ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಸಂದು ಮುರಿದುಕೊಂಡ. ಆಪರೇಷನ್ ಆಗಿ ಅಣ್ಣನ ಮನೆಯ ಮಂಚದ ಮೇಲೆ ಮಲಗಿದ. ಫಿಜಿಯೋಥೆರಪಿಯ ಹೆಣ್ಣುಮಗಳೊಬ್ಬಳು ಬಂದು ನಮಗೆ ಕಲಿಸಿದಳು. ಹಿಮ್ಮಡಿ ಅಂಗೈಯಲ್ಲಿಟ್ಟುಕೊಳ್ಳಿ, ಪಾದವನ್ನು ನಿಧಾನ ಸುತ್ತಿಸಿ, ಆಮೇಲೆ ಮೊಣಕಾಲು ಮಡಚಿ ಬಿಚ್ಚಿ, ಎಳೆಯಬೇಡಿ ಎಂದಳು. ನಾನು, ಅಣ್ಣ, ಅತ್ತಿಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಕಲಿತೆವು. ಹೊರಗೆ ಬಿಡಲು ಹೋದಾಗ ನಾನು ಅವಳನ್ನು ಹೇಗೋ ಸುತ್ತಿ ಬಳಸಿ ಕೇಳಿದೆ, ಗುಂಡು ಎಸೆಯುವ ಮೊದಲು ಭುಜ ಸಡಿಲ ಮಾಡಿಕೊಳ್ಳದಿದ್ದರೆ ಅದು ಕಳಚುತ್ತದೆಯೇ ಎಂದು. ಮಾಡಿಕೊಂಡವರದ್ದೂ ಕಳಚಿದ್ದನ್ನು ನೋಡಿದ್ದೇನೆ ಮೇಡಂ, ಆದರೆ ಮಾಡಿಕೊಳ್ಳುವುದು ಒಳ್ಳೆಯದು ಎಂದಳು. ಅಷ್ಟು ವರ್ಷದ ಪ್ರಶ್ನೆಗೆ ಸಿಕ್ಕ ಉತ್ತರ ಇದು. ಹೌದು ಎಂದಿದ್ದರೂ ಆಗುತ್ತಿತ್ತು, ಅಲ್ಲ ಎಂದಿದ್ದರೂ ಆಗುತ್ತಿತ್ತು.

ಪ್ರತಿ ಭಾನುವಾರ ಬಸ್ಸು ಹಿಡಿದು ಹೋಗುತ್ತಿದ್ದೆ. ಮಸ್ಕಿ ದಾಟುವ ತನಕ ಧೈರ್ಯ ತುಂಬಿರುತ್ತಿತ್ತು. ಆಚೆ ಕಾಲುವೆಯ ಹಸಿರು ಶುರುವಾದ ಕೂಡಲೇ ಸೋರಲು ಹತ್ತಿ, ಸಿಂಧನೂರಿನಲ್ಲಿ ಇಳಿಯುವಾಗ ಕೈಯಲ್ಲಿ ಬಾಳೆಹಣ್ಣಿನ ಚೀಲ ಮಾತ್ರ ಉಳಿದಿರುತ್ತಿತ್ತು. ಅದೊಂದು ಭಾನುವಾರ ಅಣ್ಣ ಮಿಲ್ಲಿಗೆ ಹೋಗಿದ್ದ, ಅತ್ತಿಗೆ ಮಾಳಿಗೆಯ ಮೇಲೆ ಹಪ್ಪಳ ಹಾಕುತ್ತಿದ್ದಳು. ಅಪ್ಪನ ಹಿಮ್ಮಡಿ ನನ್ನ ಅಂಗೈಯಲ್ಲಿತ್ತು. ಹಗುರ ಇತ್ತು. ಪಾದ ಚೆನ್ನಾಗಿ ತಿರುಗುತ್ತಿತ್ತು, ಅವನಿಗೂ ಹಿತವಾಗಿ ಕಣ್ಣು ಮುಚ್ಚಿದ್ದ. ಅಷ್ಟು ವರ್ಷದ ಮೇಲೆ ಅವನ ಮುಖ ಹಾಗೆ ಸಡಿಲವಾದದ್ದನ್ನು ನೋಡಿ, ಇದೇ ಹೊತ್ತು ಎಂದು ನನಗೆ ಅನ್ನಿಸಿತು. ನನ್ನ ಹೊತ್ತಿನ ತಿಳುವಳಿಕೆ ಎಂಥದ್ದು ಎಂದು ಇಷ್ಟು ಓದಿದವರಿಗೆ ಗೊತ್ತೇ ಇದೆ.

"ಅಪ್ಪ, ಆ ದಿವಸ ಅಮಾಸಿ ಹತ್ತಿದ್ದಿಲ್ಲ."

"ಯಾ ದಿವಸ?" ಎಂದ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ದಿವಸ.

"ಅಣ್ಣ ರಾಯಚೂರಿಗೆ ಹೋಗಿದ್ನಲ್ಲ, ಅವತ್ತು. ಮಧ್ಯಾಹ್ನ ಎರಡರ ಮ್ಯಾಲೆ ಹತ್ತೋದಿತ್ತು. ಓದಿದ್ದೆ ನಾ. ಓದಿ ಸುಳ್ಳು ಹೇಳಿದೆ."

"ಯಾಕ?"

"ಅಂಜಿಕಿ ಬಂತು."

ಅವನು ಕಣ್ಣು ತೆರೆದು ತೊಲೆಗಳನ್ನು ನೋಡಿದ. ಬೈಗುಳಕ್ಕೆ ನಾನು ತಯಾರಿದ್ದೆ. ಬೈದರೆ ಅತ್ತು ಹಗುರಾಗಿ ಸಂಜೆಯ ಬಸ್ಸು ಹಿಡಿಯಬಹುದು ಎಂಬ ಲೆಕ್ಕವೂ ಒಳಗೆಲ್ಲೋ ಇತ್ತು, ಸುಳ್ಳು ಯಾಕೆ ಹೇಳಲಿ.

"ಅಂದ್ರ, ಅವ ಕೈ ತಿರುಗಸಬೌದಿತ್ತು," ಎಂದ.

"ಹೂಂ."

"ನಾನೂ."

ಆ ಒಂದು ಶಬ್ದ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಸುಳ್ಳು ಅಣ್ಣನ ಭುಜಕ್ಕೆ ಮಾಡಿದ್ದನ್ನೇ ನಾನು ಮೂವತ್ತು ವರ್ಷ ಯೋಚಿಸಿದ್ದೆ. ಆ ಸುಳ್ಳನ್ನು ನಂಬಿ ಒಬ್ಬ ಮನುಷ್ಯ ತನ್ನ ಮೈಯ ಒಂದೊಂದೇ ಬಾಗಿಲು ಹಾಕಿಕೊಂಡು ಕೂತದ್ದನ್ನು ಪಕ್ಕದಲ್ಲೇ ಇದ್ದು ನೋಡಿದ್ದೆ, ಎಣಿಕೆಗೆ ತಗೊಂಡಿರಲಿಲ್ಲ. ಇಷ್ಟು ದಿನ ಅವನ ಹತ್ತಿರ ಒಂದು ತಪ್ಪಾದರೂ ಇತ್ತು. ಮಗನಿಗೆ ಮಾಡಿದ್ದಕ್ಕೆ ತಾನು ತೆರುತ್ತಿದ್ದೇನೆ ಎಂದು ನೋವಿಗೊಂದು ಕಾರಣ ಕೊಡುತ್ತಿದ್ದ. ಅದನ್ನೂ ನಾನು ಕಿತ್ತುಕೊಂಡೆ, ನನ್ನ ಎದೆ ಹಗುರ ಮಾಡಿಕೊಳ್ಳಲು. ಕಾಲು ಕೆಳಗ ಇಡು ಎಂದ. ಇಟ್ಟೆ. ಆಮೇಲೆ, ನನ್ನ ಕಡೆ ತಿರುಗದೆಯೇ ಹೇಳಿದ.

"ಅಮರೇಶಗ ಹೇಳಬ್ಯಾಡ. ನನ್ನ ಮ್ಯಾಲೆ ಸಿಟ್ಟು ಮಾಡಿ ಅವನಿಗೆ ರೂಢಿ ಆಗೇತಿ. ಈಗ ಇನ್ನೊಬ್ಬರ ಮ್ಯಾಲೆ ಮಾಡಾಕ ಅವನಿಗೂ ವಯಸ್ಸಾಗೇತಿ."

ಹೇಳಿಲ್ಲ. ಅಣ್ಣ ಪುಸ್ತಕ ಓದುವವನಲ್ಲ ಎಂಬುದನ್ನು ಎರಡೆರಡು ಸಲ ಖಾತ್ರಿ ಮಾಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ, ಆದರೂ ಯಾರಾದರೂ ಓದಿ ಹೇಳಿದರೆ ಎಂಬ ಚಿಂತೆ ಇದ್ದೇ ಇದೆ. ಅಪ್ಪ ಆಮೇಲೆ ನಾಲ್ಕು ತಿಂಗಳು ಇದ್ದ. ಅತ್ತಿಗೆ ಬಂದು ಕೂತರೆ ಕಾಲು ಕೊಡುತ್ತಿದ್ದ. ಅಣ್ಣ ಎಡಗೈಯಲ್ಲಿ ಹಿಡಿದರೂ ಕೊಡುತ್ತಿದ್ದ. ಆ ಕೊನೆಯ ದಿನಗಳಲ್ಲಿ ಅವರಿಬ್ಬರೂ ಮಾತಿಲ್ಲದೆ ಅದನ್ನೊಂದು ಮಾಡುತ್ತಿದ್ದರು. ನಾನು ಅದನ್ನು ಹೇಳಿದ ಮುಂದಿನ ಭಾನುವಾರ ಹಿಮ್ಮಡಿಯ ಕೆಳಗೆ ಕೈ ಹಾಕಿದಾಗ ಪಾದದಿಂದ ತೊಡೆಯ ತನಕ ಆ ಕಾಲು ಕಟ್ಟಿಗೆಯಾಯಿತು. ಮಡಚಲಿಲ್ಲ, ತಿರುಗಲಿಲ್ಲ. ಅಲ್ಲೇ ಇದ್ದ ಫಿಜಿಯೋಥೆರಪಿಯವಳು ನೋವಿರಬೇಕು, ಬಿಡಿ ಮೇಡಂ ಎಂದಳು. ನಾನೂ ಹೌದು, ನೋವಿರಬೇಕು ಎಂದೆ. ಅಪ್ಪ ಮಾತ್ರ ಬಹಳ ಅಂತಃಕರಣದಿಂದಲೇ ನನ್ನ ಕೈ ಸರಿಸಿದ. ಆಮೇಲೆ ಪ್ರತಿ ಭಾನುವಾರವೂ, ನಾನು ಮಂಚದ ಹತ್ತಿರ ಬರುವ ಮೊದಲೇ, ಅದೇ ದನಿಯಲ್ಲಿ ಅದೇ ಮಾತು ಹೇಳುತ್ತಿದ್ದ.

"ಬಸ್ಸಿನ್ಯಾಗ ದಣದು ಬಂದೀದಿ. ನೀ ಕುಂದ್ರು ಬೇ."

ನಾನು ಕೂರುತ್ತಿದ್ದೆ.